ರೈಲು ಬರುವ ಕಡೆಗೆ ನಿಲ್ಲಿಸಿದವರು

ಅವರ ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಒಣಗಿದ ಎಲೆಯ ತುದಿಯನ್ನು ಬೆರಳಿನಿಂದ ಮುರಿದ ಹಾಗೆ ಅದರ ಅಂಚು ಅಂಕುಡೊಂಕಾಗಿತ್ತು. ಏನಾದರೂ ಯೋಚಿಸುವಾಗ ಆ ಅಂಚನ್ನು ಹೆಬ್ಬೆರಳಿನಿಂದ ಸವರಿಕೊಳ್ಳುತ್ತಿದ್ದರು. ಟ್ಯೂಬಿನ ತೂತಿಗೆ ಗುರುತು ಹಾಕುವ ಸೀಮೆಸುಣ್ಣ ಯಾವಾಗಲೂ ಕೈಯಲ್ಲಿರುತ್ತಿದ್ದುದರಿಂದ ಸಂಜೆಯ ಹೊತ್ತಿಗೆ ಉಳಿದ ಅರ್ಧ ಕಿವಿ ಬೆಳ್ಳಗಾಗಿರುತ್ತಿತ್ತು.

ಕಿವಿ ಹೇಗೆ ಹೋಯಿತೆಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಿದ್ದರು. ನನ್ನ ೧೯೯೫ರ ಡೈರಿಯಲ್ಲಿ ನಾಲ್ಕು ಉತ್ತರಗಳಿವೆ. ಮಕ್ಕಳಿಗೆ, ನರಿ ಕಚ್ಚಿಕೊಂಡು ಹೋಯಿತು. ಟೆಂಪೋ ಡ್ರೈವರಿಗೆ, ಹೊಡೆದಾಟದಲ್ಲಿ ಹೋಯಿತು. ಮೊಸರು ಮಾರುವ ಅಜ್ಜಿಗೆ, ಹೆಂಡತಿ ಹಿಂಡಿದಳು, ಕೈಗೇ ಬಂತು. ನನಗೆ, "ಉಟ್ಟಿದಾಗಿಂದ ಇಂಗೇ ಕಣವ್ವ." ನಾಲ್ಕರ ಕೆಳಗೂ ಗೆರೆ ಎಳೆದು ಬರೆದಿದ್ದೇನೆ: ಈ ಮನುಷ್ಯನನ್ನು ನಂಬಬಾರದು.

ಆಗ ನನಗೆ ಇಪ್ಪತ್ತೊಂದು ವರ್ಷ. ಪಾಂಡವಪುರದ ನಮ್ಮ ಮನೆಯಿಂದ ರೈಲು ಹಳಿಯ ಆಚೆಗಿನ ಒಂದು ಹಳ್ಳಿಯ ಅಂಗನವಾಡಿಗೆ ದಿನವೂ ಟೆಂಪೋದಲ್ಲಿ ಹೋಗಿಬರುತ್ತಿದ್ದೆ. ಮಕ್ಕಳ ಹಾಜರಿ, ತೂಕ, ಎತ್ತರ ಬರೆಯುವುದೇ ಅರ್ಧ ಕೆಲಸ. ಮನೆಗೆ ಬಂದ ಮೇಲೂ ಆ ಚಟ ಬಿಡುತ್ತಿರಲಿಲ್ಲ. ಹಳ್ಳಿ ಸಿಗುವ ಮೊದಲು ರಸ್ತೆ ರೈಲು ಹಳಿಯನ್ನು ದಾಟುತ್ತಿತ್ತು. ಅಲ್ಲಿ ಗೇಟೂ ಇರಲಿಲ್ಲ, ಕಾಯುವವರೂ ಇರಲಿಲ್ಲ. ಆದರೂ ಎಲ್ಲರೂ ಆ ಜಾಗವನ್ನು ಗೇಟು ಎಂದೇ ಕರೆಯುತ್ತಿದ್ದರು. ಹಳಿ ಏರಿಯ ಮೇಲಿತ್ತು, ರಸ್ತೆ ಹತ್ತಿ ಇಳಿಯಬೇಕು. ಎರಡು ಬದಿಯಲ್ಲೂ ಕಬ್ಬು. ಕಬ್ಬು ಎದ್ದು ನಿಂತ ತಿಂಗಳುಗಳಲ್ಲಿ ರೈಲು ತೀರ ಹತ್ತಿರ ಬರುವ ತನಕ ಕಾಣುತ್ತಿರಲಿಲ್ಲ. ಒಂದು ದಿಕ್ಕಿಗೆ ಶ್ರೀರಂಗಪಟ್ಟಣ, ಇನ್ನೊಂದು ದಿಕ್ಕಿಗೆ ಮಂಡ್ಯ. ಏರಿಯ ಕೆಳಗೆ, ರಸ್ತೆಯ ಅಂಚಿನಲ್ಲಿ, ಅವರ ತಗಡಿನ ಪಂಚರ್ ಅಂಗಡಿ.

ಎಲ್ಲರೂ ಅವರನ್ನು ಪಂಚರಣ್ಣ ಎನ್ನುತ್ತಿದ್ದರು. ಟೆಂಪೋ ಬರುವುದು ಕಂಡರೆ ಕೆಲಸ ಬಿಟ್ಟು, ಹೆಗಲ ಮೇಲಿನ ಕೆಂಪು ಟವಲ್ ಬೀಸುತ್ತಾ ರಸ್ತೆಯ ನಡುವೆ ನಿಂತುಬಿಡುತ್ತಿದ್ದರು. ಡ್ರೈವರ್ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಇಳಿಯಬೇಕು. ಇಳಿದವರು ಏರಿ ಹತ್ತಿ ಅವರು ಹೇಳಿದ ಬದಿಯಲ್ಲೇ ನಿಲ್ಲಬೇಕು. ಖಾಲಿ ಟೆಂಪೋ ದಾಟಿದ ಮೇಲೆ ನಡೆದು ಹೋಗಿ ಮತ್ತೆ ಹತ್ತಬೇಕು. ಎತ್ತಿನ ಗಾಡಿಯವರಾದರೆ ನೊಗದ ಮುಂದೆ ನಿಂತು ಮೂಗುದಾರ ಹಿಡಿದು ದಾಟಿಸಬೇಕು. ಕಬ್ಬಿನ ಹೊರೆಯ ಮೇಲೆ ಯಾರೂ ಕೂರುವ ಹಾಗಿಲ್ಲ. ಇದನ್ನೆಲ್ಲ ಮಾಡಿಸಲು ಅವರಿಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ.

ಅವರ ಮಾತುಗಳಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ನಿಲ್ಲುವ ಬದಿಯ ವಿಚಾರ. ಶ್ರೀರಂಗಪಟ್ಟಣದಿಂದ ರೈಲು ಬರುವ ಹೊತ್ತಾಗಿದ್ದರೆ, "ಎಲ್ಲಾ ಪಟ್ಣದ ಕಡೀಕೆ ನಿಂತ್ಕಳಿ" ಎನ್ನುತ್ತಿದ್ದರು. ಮಂಡ್ಯದಿಂದ ಬರುವ ಹೊತ್ತಾದರೆ ಮಂಡ್ಯದ ಕಡೆಗೆ. ಅಂದರೆ ರೈಲು ಬರುವ ದಿಕ್ಕಿಗೇ ನಮ್ಮನ್ನು ದೂಡುತ್ತಿದ್ದರು. ಬುದ್ಧಿ ಇರುವವರು ರೈಲಿನಿಂದ ದೂರ ಓಡುತ್ತಾರೆ. ಒಂದು ಸಲ ಕೇಳಿಯೂ ಬಿಟ್ಟೆ.

"ರೈಲು ಬರೋ ಕಡೆಗೇ ಯಾಕೆ ನಿಲ್ಲಿಸ್ತೀರಿ?"

"ಯಾಕೆ ಅಂತ ಏಳಿದ್ರೆ ನಂಬ್ತೀಯಾ ಮಿಸ್ಸವ್ವ?"

"ಹೇಳಿ, ಆಮೇಲೆ ನೋಡೋಣ."

"ನಂಬಾಕಿಲ್ಲ ನೀನು. ನಿನ್ನ ಕಣ್ಣೇ ಏಳ್ತದೆ. ನಿಂತ್ಕ, ಸುಮ್ಕೆ."

ಡೈರಿಯಲ್ಲಿ "ಪಟ್ಣದ ಕಡೀಕೆ ನಿಂತ್ಕಳಿ" ಎಂಬ ಮಾತನ್ನು ಮೊದಲ ಸಲ ಬರೆದದ್ದು ಅಂದು. ಮುಂದೆ ಅದನ್ನೇ ಒಟ್ಟು ಒಂಬತ್ತು ಸಲ ಬರೆದಿದ್ದೇನೆ, ಪ್ರತಿ ಸಲವೂ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ.

ಮೊಸರಿನ ಅಜ್ಜಿ ದಿನವೂ ಅವರನ್ನು ಕೆಣಕುತ್ತಿದ್ದಳು. ನಮ್ಮ ಅಂಗನವಾಡಿಯ ಹಳ್ಳಿಯವಳು. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಪಾಂಡವಪುರಕ್ಕೆ ಹೋಗಿ ಮೊಸರು ಮಾರಿ, ನಾನು ಹೋಗುವ ಟ್ರಿಪ್ಪಿನಲ್ಲಿ ಖಾಲಿ ಗಡಿಗೆಯೊಂದಿಗೆ ಹಿಂತಿರುಗುತ್ತಿದ್ದಳು.

"ಏನ್ಲಾ ಪಂಚರು, ದಿನಾ ಇಳ್ಸಿ ನಡೆಸ್ತೀಯಲ್ಲ, ನಿಮ್ಮಪ್ಪನ ಮದುವೆ ಮೆರವಣಿಗೆಯೇನ್ಲಾ ಇದು?"

"ನಡುದ್ರೆ ನಿಂಗೇ ಒಳ್ಳೇದು ಕಣಜ್ಜಿ. ಟೆಂಪೋದಾಗೆ ಕುಲುಕಿ ಕುಲುಕಿ ನಿನ್ನ ಮೊಸ್ರು ಪ್ಯಾಟೆ ಸೇರೋ ಒತ್ಗೆ ಮಜ್ಜಿಗೆ ಆಯ್ತದಂತೆ, ಜನ ಏಳ್ತಾವ್ರೆ."

"ನನ್ನ ಮೊಸ್ರಿಗೆ ಕೆಟ್ಟೆಸ್ರು ತರ್ಬೇಡ. ಇರೋ ಇನ್ನೊಂದು ಕಿವೀನೂ ಕಿತ್ಕತೀನಿ."

ಹೀಗೆ ಬೈಯುತ್ತಲೇ ಇಳಿಯುತ್ತಿದ್ದಳು, ಬೈಯುತ್ತಲೇ ಅವರು ತೋರಿಸಿದ ಕಡೆ ನಿಲ್ಲುತ್ತಿದ್ದಳು.

ಟೆಂಪೋ ಡ್ರೈವರ್ ಹೊಣಕೆರೆ ಕಡೆಯ ಹುಡುಗ. ಗಾಡಿ ಓಡಿಸುವುದರಲ್ಲಿ ಚುರುಕು, ಆದರೆ ಕೆಲಸಕ್ಕೆ ಬರುವ ಮೊದಲು ರೈಲು ಹಳಿ ದಾಟಿದವನಲ್ಲ. "ನಮ್ಮ ನಾಗಮಂಗಲದ ಕಡೆ ರೈಲೇ ಇಲ್ಲ, ಇಂತಾ ತಾಪತ್ರಯಾನೂ ಇಲ್ಲ" ಎಂದು ಗೊಣಗುತ್ತಿದ್ದ. ಪಂಚರಣ್ಣ ಅವನಿಗೆ ಒಮ್ಮೆ ಹೇಳಿದ್ದು ನೆನಪಿದೆ: "ಲೇ, ರೈಲು ಎದುರಿಗೆ ಬರೋವಾಗ ಓಡಂಗೆ ಕಾಣಾಕಿಲ್ಲ ಕಣ್ಲಾ. ನಿಂತ್ಕಂಡು ದಪ್ಪ ಆಗ್ತಾ ಇರಂಗೆ ಕಾಣ್ತದೆ. ನೀನು ಇನ್ನೂ ದೂರ ಅದೆ ಅಂದ್ಕತೀಯ. ಅಷ್ಟೊತ್ಗೆ ಬಂದ್ಬುಟ್ಟಿರ್ತದೆ."

ಇಷ್ಟೆಲ್ಲ ಮಾಡುವುದರಿಂದ ಅವರಿಗೇನು ಲಾಭ? ಅದು ನನ್ನ ಪ್ರಶ್ನೆ. ಮೊದಲು ಚಹಾದ ಮೇಲೆ ಅನುಮಾನಪಟ್ಟೆ. ಅಂಗಡಿಯ ಮಗ್ಗುಲಲ್ಲೇ ಅವರ ಹೆಂಡತಿ ಚಹಾ ಕಾಯಿಸುತ್ತಿದ್ದರು. ಒಂದು ತಿಂಗಳು ಲೆಕ್ಕ ಹಿಡಿದೆ. ಇಳಿದವರಲ್ಲಿ ಚಹಾ ಕುಡಿದವರು ಇಬ್ಬರು. ಆ ಅನುಮಾನ ಬಿದ್ದುಹೋಯಿತು.

ಎರಡನೆಯ ಅನುಮಾನ ಗಟ್ಟಿಯಾಗಿತ್ತು. ೧೯೯೬ರ ಬೇಸಗೆಯಲ್ಲಿ ನಮ್ಮ ಚಿಕ್ಕಮ್ಮನ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಾಗ ಪಂಚರಣ್ಣ ಗಂಡಸರ ವಾರ್ಡಿಗೆ ಹೋಗುವುದನ್ನು ಕಂಡೆ. ಬೇರೊಂದು ಕಡೆ ಹಳಿ ದಾಟುವಾಗ ಟ್ರಾಕ್ಟರಿಗೆ ರೈಲು ತಾಗಿ ಗಾಯಗೊಂಡವನೊಬ್ಬ ಅಲ್ಲಿ ಮಲಗಿದ್ದ. ಇವರಿಗೆ ಅವನು ನೆಂಟನಲ್ಲ, ಪರಿಚಯದವನೂ ಅಲ್ಲ. ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ.

"ಎಲ್ಲಿ ಕುಂತಿದ್ದೆ? ಮಡ್‌ಗಾರ್ಡ್ ಮ್ಯಾಲಾ, ಟ್ರೇಲರ್‌ನಾಗಾ? ಗಾಡಿ ಮೂತಿಗೆ ಒಡೀತಾ, ಸೊಂಟಕ್ಕೆ ಒಡೀತಾ? ನೀನು ನೆಗುದ್ಯಾ, ಅದೇ ಎಸೀತಾ? ಯಾವ ಕಡೀಕೆ ಬಿದ್ದೆ, ರೈಲು ಬಂದ ಕಡೀಕಾ, ಓಗೋ ಕಡೀಕಾ?"

ಅವನು ನರಳುತ್ತಾ ಏನೋ ಹೇಳಿದ. ಇವರು ಬಿಡಲಿಲ್ಲ. "ಸರಿಯಾಗಿ ಯೋಚ್ನೆ ಮಾಡಿ ಏಳು. ಮೊದಲ್ನೇ ಸಲ ಎಲ್ರೂ ಸುಳ್ಳೇ ಏಳೋದು. ಆಸ್ಪತ್ರೆಗೆ ಬರಾಕೆ ಎಷ್ಟೊತ್ತಾಯ್ತು?"

ಪಂಚರಣ್ಣ ಹೊರಗೆ ಬಂದಾಗ ಜಗುಲಿಯಲ್ಲಿ ವಕೀಲರೊಬ್ಬರ ಗುಮಾಸ್ತ ನಿಂತಿದ್ದ. ಅವನೊಡನೆ ಐದು ನಿಮಿಷ ತಲೆ ತಗ್ಗಿಸಿ ಮಾತಾಡಿದರು. ಪರಿಹಾರದ ಕೇಸುಗಳಿಗೆ ಗಾಯಾಳುಗಳನ್ನು ಹುಡುಕಿ ಕೊಡುವ ಏಜೆಂಟರು ಆಗ ಆಸ್ಪತ್ರೆಗಳ ಸುತ್ತ ಇರುತ್ತಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಅಂದು ಡೈರಿಯಲ್ಲಿ ಒಂದೇ ಪದ ಬರೆದೆ: ಏಜೆಂಟ್.

ಕೆಲವು ದಿನಗಳ ಮೇಲೆ ನನ್ನ ಚಪ್ಪಲಿಯ ಮೊಳೆ ಎದ್ದು, ಬಡಿಸಿಕೊಳ್ಳಲು ಅವರ ಅಂಗಡಿಯೊಳಗೆ ಹೋದೆ. ಹಲಗೆಯ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಎಳೆದ ಒಂದು ಉದ್ದ ಗೆರೆ. ಅದರ ಎಡಕ್ಕೆ ಹನ್ನೊಂದು ಚಿಕ್ಕ ಗೀಟು, ಬಲಕ್ಕೆ ಹದಿನಾಲ್ಕು. ಕೆಲವು ಗೀಟುಗಳ ಸುತ್ತ ಸೊನ್ನೆ. ಏನೆಂದು ಕೇಳಲಿಲ್ಲ, ಸಂಜೆ ನೆನಪಿನಿಂದ ಡೈರಿಗೆ ಇಳಿಸಿಕೊಂಡೆ. ಎಡಗಡೆಯವು ಹಿಡಿದ ಕೇಸುಗಳು, ಬಲಗಡೆಯವು ಮುಗಿದವು, ಸೊನ್ನೆ ಎಂದರೆ ಕಮಿಷನ್ ಬಂದದ್ದು, ಹೀಗೆ ನಾನೇ ಅರ್ಥ ಕಟ್ಟಿದೆ. ಎಲ್ಲವೂ ಹೊಂದಿಕೊಂಡಿತು.

೧೯೯೭ರ ಜನವರಿಯಲ್ಲಿ ಡ್ರೈವರ್ ಸುದ್ದಿ ಎತ್ತಿದ. ಪ್ರತಿ ಟ್ರಿಪ್ಪಿಗೂ ಗೇಟಿನಲ್ಲಿ ತಡವಾಗುತ್ತಿದೆ, ಆ ಅಂಗಡಿಯನ್ನೇ ಅಲ್ಲಿಂದ ಎತ್ತಿಸಬೇಕು, ಪಂಚಾಯಿತಿಗೆ ಅರ್ಜಿ ಕೊಡೋಣ ಎಂದ. ಅಂಗಡಿ ಇದ್ದದ್ದು ರಸ್ತೆಯ ಜಾಗದಲ್ಲಿ. ಎತ್ತಿಸಿದರೆ ಅವರಿಗೆ ಬೇರೆ ನೆಲೆ ಇಲ್ಲವೆಂದು ನನಗೆ ಗೊತ್ತಿತ್ತು.

"ಮಿಸ್ಸು, ನೀವೇ ಬರೀರಿ. ನಿಮ್ಮತ್ರ ತಾರೀಕೆಲ್ಲ ಅವೆ."

ನನಗೆ ಹೆಮ್ಮೆಯಾಯಿತು. ಎರಡು ಸಂಜೆ ಕೂತು ಬರೆದೆ. ನಿಲ್ಲಿಸಿದ ದಿನಾಂಕಗಳು, ತಡವಾದ ನಿಮಿಷಗಳು, ಆಸ್ಪತ್ರೆಯಲ್ಲಿ ಕಂಡದ್ದು, ಬಾಗಿಲ ಮೇಲಿನ ಗೀಟುಗಳು. ರೈಲು ಬರುವ ದಿಕ್ಕಿಗೇ ಜನರನ್ನು ನಿಲ್ಲಿಸುತ್ತಾರೆ, ಅಪಘಾತವಾದರೆ ಇವರಿಗೇ ಅನುಕೂಲ ಎಂಬ ಒಂದು ವಾಕ್ಯವನ್ನೂ ಸೇರಿಸಿದೆ. ಹತ್ತೊಂಬತ್ತು ಜನ ಸಹಿ ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. "ಅವ್ನ ಬಾಯಿಗೆ ಬಯ್ಯೋದು ಬ್ಯಾರೆ, ಅವ್ನ ಒಟ್ಟೆ ಮ್ಯಾಲೆ ಒಡ್ಯೋದು ಬ್ಯಾರೆ ಕಣ್ ಮಿಸ್ಸು" ಎಂದಳು.

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಪಂಚಾಯಿತಿಯವರು ಪಂಚರಣ್ಣನನ್ನು ವಿಚಾರಣೆಗೆ ಕರೆದಿದ್ದರು. ನಾವು ಹನ್ನೆರಡು ಜನ ಟೆಂಪೋದಲ್ಲಿ ಗೇಟಿನ ಬಳಿ ಬಂದಾಗ ಅಂಗಡಿ ಮುಚ್ಚಿತ್ತು. ಕೆಂಪು ಟವಲ್ ಇರಲಿಲ್ಲ.

"ಇವತ್ತು ಯಾರೂ ಇಳ್ಯಂಗಿಲ್ಲ. ರಾಜ್ರಂಗೆ ಕುಂತ್ಕಂಡು ದಾಟ್ರಪ್ಪ" ಎಂದ ಡ್ರೈವರ್. ಎಲ್ಲರೂ ನಕ್ಕರು. ಅಜ್ಜಿ ಕೂಡ ನಕ್ಕಳು. ನಾನೂ ನಕ್ಕೆ.

ಖಾಲಿ ಟೆಂಪೋ ಹತ್ತುತ್ತಿದ್ದ ಏರಿ ಅದು. ಒಂದೂವರೆ ವರ್ಷ ಆ ಎಂಜಿನ್ನು ಅಲ್ಲಿ ಒಬ್ಬನ ಭಾರವನ್ನಷ್ಟೇ ಎಳೆದಿತ್ತು, ಮತ್ತು ಈ ಡ್ರೈವರಿಗೆ ಅಲ್ಲಿ ಎರಡನೇ ಗೇರಿನಲ್ಲಿ ಹತ್ತಿಸಿ ಅಭ್ಯಾಸ. ಹನ್ನೆರಡು ಜನರ ಭಾರಕ್ಕೆ ಎರಡನೇ ಗೇರು ಸಾಲಲಿಲ್ಲ. ಮುಂದಿನ ಗಾಲಿ ಹಳಿ ದಾಟಿ, ಹಿಂದಿನ ಗಾಲಿ ಹಳಿಗಳ ನಡುವೆ ಬರುವಾಗ ಎಂಜಿನ್ನು ಆರಿಹೋಯಿತು. ಅವನು ಸೆಲ್ಫ್ ಹೊಡೆದ, ಮತ್ತೆ ಹೊಡೆದ. ಶ್ರೀರಂಗಪಟ್ಟಣದ ಕಡೆಯಿಂದ ಉದ್ದನೆಯ ಶಿಳ್ಳೆ ಕೇಳಿಸಿತು.

ಡ್ರೈವರ್ ಬಿಟ್ಟು ಮಿಕ್ಕವರೆಲ್ಲ ಹಿಂದಿನ ಬಾಗಿಲಿನಿಂದ ಇಳಿದರು. ಅದಕ್ಕೆ ಸಮಯವಿತ್ತು. ರೈಲು ಬರುತ್ತಿದ್ದ ಕಡೆ ಬೆನ್ನು ಮಾಡಿ ಓಡುವುದು ಯಾರಿಗೂ ಕಲಿಸಬೇಕಾದ ಬುದ್ಧಿಯಲ್ಲ. ಕೆಲವರು ಮಂಡ್ಯದ ಕಡೆಗೆ ಹಳಿಯ ಪಕ್ಕದಲ್ಲೇ ಓಡಿದರು. ಅಜ್ಜಿ ಗಡಿಗೆ ಸಮೇತ ಅವರ ಹಿಂದೆ ಹೋದಳು. ನನ್ನ ಕಾಲೂ ಆ ಕಡೆಗೇ ತಿರುಗಿತ್ತು. ಆಗ ಒಂಬತ್ತು ಸಲ ಬರೆದ ಮಾತು ಕಿವಿಯಲ್ಲಿ ಕೇಳಿಸಿತು. ಪಟ್ಣದ ಕಡೀಕೆ ನಿಂತ್ಕಳಿ. ನಂಬಿ ತಿರುಗಿದೆ ಎಂದರೆ ಸುಳ್ಳಾಗುತ್ತದೆ. ಬರೆದು ಬರೆದು ಅದು ಕೈಗೆ ರೂಢಿಯಾದ ಹಾಗೆ ಕಾಲಿಗೂ ರೂಢಿಯಾಗಿತ್ತು. ಏರಿ ಇಳಿದು, ಬರುತ್ತಿದ್ದ ರೈಲಿನ ಕಡೆಗೇ ಓರೆಯಾಗಿ ಕಬ್ಬಿನೊಳಗೆ ಓಡಿದೆ. ನನ್ನ ಹಿಂದೆ ಇನ್ನೂ ಐದು ಜನ ಬಂದರು. ಅಜ್ಜಿಯನ್ನು ಕೂಗಿದೆನೆಂದು ಅನಿಸುತ್ತದೆ. ಡೈರಿಯಲ್ಲಿ ಬರೆದಿಲ್ಲ; ಬರೆಯದೇ ಇದ್ದದ್ದನ್ನು ನಾನು ಗಟ್ಟಿಯಾಗಿ ಹೇಳಲಾರೆ.

ರೈಲು ಟೆಂಪೋದ ಹಿಂಭಾಗಕ್ಕೆ ಹೊಡೆಯಿತು. ಟೆಂಪೋ ಗಿರ್ರನೆ ತಿರುಗಿ, ರೈಲು ಹೋಗುವ ದಿಕ್ಕಿಗೇ ಎಸೆದ ಹಾಗೆ ಹೋಗಿ, ಮಂಡ್ಯದ ಕಡೆಯ ಏರಿಯ ಮೇಲೆ ಉರುಳಿತು. ಕೊನೆಯ ತನಕ ಸೆಲ್ಫ್ ಹೊಡೆಯುತ್ತಿದ್ದ ಡ್ರೈವರ್ ಮುಂದಿನ ಅರ್ಧದಲ್ಲಿದ್ದ. ತೊಡೆ ಮುರಿಯಿತು, ಜೀವ ಉಳಿಯಿತು. ಆ ಕಡೆ ಓಡಿದವರಲ್ಲಿ ಮೂವರಿಗೆ ಕೈಕಾಲು ಮುರಿಯಿತು. ಅಜ್ಜಿಯ ಮೇಲೆ ಟೆಂಪೋ ಬಿದ್ದಿತ್ತು. ಕಬ್ಬಿನೊಳಗೆ ಓಡಿದ ನಮ್ಮ ಆರು ಜನಕ್ಕೆ ಕಬ್ಬಿನ ಸೋಗೆ ಗೀರಿದ ಗಾಯ ಬಿಟ್ಟರೆ ಬೇರೇನೂ ಆಗಲಿಲ್ಲ.

ಮಧ್ಯಾಹ್ನ ಪಂಚರಣ್ಣ ಆಸ್ಪತ್ರೆಗೆ ಬಂದರು. ನಾನು ಜಗುಲಿಯಲ್ಲಿ ಕೂತಿದ್ದೆ. ಮೈಸೂರಿಗೆ ಕರೆದೊಯ್ಯುವ ದಾರಿಯಲ್ಲೇ ಅಜ್ಜಿ ಹೋಗಿಬಿಟ್ಟಳೆಂಬ ಸುದ್ದಿ ಅಷ್ಟರಲ್ಲಿ ಬಂದಿತ್ತು. ಅವರು ನನ್ನ ಪಕ್ಕದಲ್ಲಿ ಕೂತು, ಎಂದಿನಂತೆ ಕಿವಿಯ ಅಂಚು ಸವರಿಕೊಂಡರು.

"ಯಾವ ಕಡೀಕೆ ಓಡಿದ್ಲು?"

"ಮಂಡ್ಯದ ಕಡೆಗೆ."

"ನೀನು?"

"ಪಟ್ಣದ ಕಡೆಗೆ."

"ನಿಜ ಏಳ್ತಿದ್ದೀಯಾ?"

ಹೌದೆಂದು ತಲೆ ಆಡಿಸಿದೆ. ಅರ್ಜಿ ಬರೆದವಳು ನಾನೇ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅವರೇ ಮುಂದಾದರು.

"ಪಂಚಾಯ್ತಿನಾಗೆ ಓದಿದ್ರು. ತಾರೀಕೆಲ್ಲ ಸರ್ಯಾಗೇ ಬರ್ದಿದ್ದೀಯ. ಒಂದು ತೆಪ್ಪು. ಗೌರಿ ಅಬ್ಬಕ್ಕೆ ಮುಂಚಿನ ಸೋಮವಾರ ನಾನು ಗೇಟ್‌ನಾಗೆ ಇರ್ಲಿಲ್ಲ, ಊರಿಗೋಗಿದ್ದೆ."

ಸಂಜೆ ಡೈರಿ ತೆಗೆದು ನೋಡಿದೆ. ಅವರ ಮಾತೇ ಸರಿ. ಆ ದಿನ ರಜೆ, ನಾನೂ ಹೋಗಿರಲಿಲ್ಲ. ಸುಮ್ಮನೆ ತುಂಬಿಸಿದ್ದೆ.

ಅಂದೇ ಆ ಜಗುಲಿಯಲ್ಲಿ ಕಿವಿಯ ಐದನೆಯ ಕತೆ ಹೇಳಿದರು. ಅವರ ಊರು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಬಳಿ. ಇಪ್ಪತ್ತರ ವಯಸ್ಸಿನಲ್ಲಿ ಅವರೂ ಅವರ ತಮ್ಮನೂ ಹುಲ್ಲಿನ ಗಾಡಿಯ ಮೇಲೆ ಕೂತು ಹಳಿ ದಾಟುತ್ತಿದ್ದರು. ರೈಲು ಕಂಡಾಗ ಇಬ್ಬರೂ ನೆಗೆದರು. "ನಾನು ಅದು ಬರೋ ಕಡೀಕೆ ಬಿದ್ದೆ, ಅವ್ನು ಅದು ಓಗೋ ಕಡೀಕೆ. ಒಂದೇ ಗಾಡಿ, ಒಂದೇ ರೈಲು. ನಂಗೆ ಅರ್ಧ ಕಿವಿ ಓಯ್ತು, ಅವ್ನು ಪೂರ್ತಿ ಓದ. ಯಾಕೆ ಅಂತ ಕೇಳ್ದೆ. ಅಣೇಬರ ಅಂದ್ರು. ನಾನು ನಂಬ್ಲಿಲ್ಲ. ಸಿಕ್ಕಿದೋರ್ನೆಲ್ಲ ಕೇಳ್ತಾ ಬಂದೆ."

ಬಾಗಿಲ ಮೇಲಿನ ಗೀಟುಗಳು ಅವು. ಉದ್ದ ಗೆರೆ ಹಳಿ. ಎಡಕ್ಕಿದ್ದವು ರೈಲು ಬಂದ ಕಡೆ ಬಿದ್ದವರು, ಬಲಕ್ಕಿದ್ದವು ರೈಲು ಹೋಗುವ ಕಡೆ ಬಿದ್ದವರು. ಸೊನ್ನೆ ಸುತ್ತಿದ್ದವರು ಉಳಿಯದವರು. ನಾನು ಇಳಿಸಿಕೊಂಡಿದ್ದ ಪುಟ ತೆಗೆದು ಮತ್ತೆ ನೋಡಿದೆ: ಒಂದು ಬಿಟ್ಟು ಮಿಕ್ಕೆಲ್ಲ ಸೊನ್ನೆಗಳೂ ಬಲಕ್ಕೇ ಇದ್ದವು. ಎಣಿಸುವಾಗ ಎಣಿಸಿದ್ದೆ, ನೋಡಿರಲಿಲ್ಲ.

ಆ ವಾರವೇ ಎರಡನೆಯ ಅರ್ಜಿ ಬರೆದೆ. ಮೊದಲನೆಯದರಲ್ಲಿ ಬರೆದದ್ದು ತಪ್ಪೆಂದು, ಒಂದು ದಿನಾಂಕ ಸುಳ್ಳೆಂದು, ಏಜೆಂಟ್ ಎಂಬುದಕ್ಕೆ ನನ್ನ ಬಳಿ ಆಧಾರವಿಲ್ಲವೆಂದು ನನ್ನ ಸಹಿಯೊಂದನ್ನೇ ಹಾಕಿ ಕೊಟ್ಟೆ. ಪಂಚಾಯಿತಿಯಲ್ಲಿ ನಕ್ಕರು, ಆದರೆ ಅಂಗಡಿ ಉಳಿಯಿತು. ಅಜ್ಜಿಯ ತಿಥಿಗೆ ಹೋದಾಗ ಅವಳ ಮಗ ನನ್ನನ್ನು ಒಳಗೆ ಕರೆಯಲಿಲ್ಲ. ಅದನ್ನೂ ದಿನಾಂಕ ಹಾಕಿ ಬರೆದಿಟ್ಟಿದ್ದೇನೆ. ಆ ಗುಮಾಸ್ತನ ಜೊತೆ ಪಂಚರಣ್ಣ ಅಂದು ಏನು ಮಾತಾಡಿದರೆಂದು ಮಾತ್ರ ಇವತ್ತಿಗೂ ತಿಳಿಯದು. ಕೇಳುವ ಮುಖ ನನಗಿರಲಿಲ್ಲ.

ಮರುವರ್ಷ ಅವರ ಪಾದಕ್ಕೆ ಒಂದು ಮೊಳೆ ಚುಚ್ಚಿತು. ಊರಿನವರ ಟೈರುಗಳಿಂದ ಮೊಳೆ ಕಿತ್ತವರು ತಮ್ಮ ಕಾಲಿನದನ್ನು ಲೆಕ್ಕಿಸಲಿಲ್ಲ. ಸಕ್ಕರೆ ಕಾಯಿಲೆ ಇತ್ತೆಂದು ಆಮೇಲೆ ಗೊತ್ತಾಯಿತು. ಗಾಯ ಮಾಯಲಿಲ್ಲ. ಅದೇ ಆಸ್ಪತ್ರೆಯ ಅದೇ ವಾರ್ಡಿನಲ್ಲಿ ನೋಡಲು ಹೋದೆ. ಮಾತು ತೊದಲುತ್ತಿತ್ತು.

"ಗೇಟ್‌ನಾಗೆ ಇಳೀತಾವ್ರಾ?"

"ಇಳೀತಾವ್ರೆ."

"ಎಲ್ರೂವೆ?"

"ನಾಲ್ಕು ಜನ ಇಳಿಯೋದಿಲ್ಲ."

"ಬರ್ಕಂಡಿದ್ದೀಯಾ, ಬಾಯ್ಮಾತಾ?"

ಚೀಲದಿಂದ ಡೈರಿ ತೆಗೆದು ಆ ವಾರದ ಪುಟ ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಕೈಗೆ ತೆಗೆದುಕೊಂಡು, ಇಳಿಯದವರಿಗೆ ನಾನು ಎಳೆದಿದ್ದ ಗೀಟುಗಳ ಮೇಲೆ ಹೆಬ್ಬೆರಳು ಇಟ್ಟು ಒಂದೊಂದಾಗಿ ಎಣಿಸಿದರು. ನನ್ನ ಮಾತಿಗೆ ಸರಿಹೋದ ಮೇಲೆ ಹಿಂತಿರುಗಿಸಿದರು. ಐದನೆಯ ದಿನ ತೀರಿಕೊಂಡರು.

ಅವರ ಹೆಂಡತಿ ಅಂಗಡಿ ಬಿಚ್ಚಿ ಊರಿಗೆ ಹೋಗುವಾಗ ಬಾಗಿಲ ಹಲಗೆಯನ್ನು ಕೇಳಿ ತಂದೆ. ಅಜ್ಜಿಯ ಗೀಟು ಬಲಗಡೆ ಕೊನೆಯದು, ಸೊನ್ನೆಯ ಒಳಗಿದೆ. ಎಡಗಡೆ ಒಂದೇ ದಿನ ಎಳೆದ ಆರು ಗೀಟುಗಳು ಒತ್ತೊತ್ತಾಗಿವೆ. ಅವುಗಳಲ್ಲೊಂದು ನಾನು.

ಈಗ ಟೆಂಪೋಗೆ ಬೇರೆ ಡ್ರೈವರ್. ಗೇಟು ಬಂದಾಗ ನಾನೇ ಮೊದಲು ಇಳಿಯುತ್ತೇನೆ, ಬೆಳಗಿನ ಹೊತ್ತಾದರೆ "ಪಟ್ಣದ ಕಡೀಕೆ ನಿಂತ್ಕಳಿ" ಎನ್ನುತ್ತೇನೆ. ಆ ಮಾತನ್ನು ಪುಸ್ತಕದ ಕನ್ನಡದಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಹೋದ ತಿಂಗಳು ಬೆಳಗೊಳದ ಕಡೆಯಿಂದ ಹೊಸದಾಗಿ ಬರುತ್ತಿರುವ ಹೆಂಗಸೊಬ್ಬಳು, ನನಗೆ ಕೇಳಿಸದೆಂದುಕೊಂಡು, ಪಕ್ಕದವಳನ್ನು ವಿಚಾರಿಸಿದಳು: "ಯಾರವ್ವ ಇವ್ಳು? ಇಂಗೆ ಇಳ್ಸಾಕೆ ಇವ್ಳಿಗೇನು ಸಿಗ್ತದಂತೆ?"

ಆ ದಿನಾಂಕದ ಎದುರು ಅವಳ ಮಾತನ್ನು ಹಾಗೆಯೇ ಬರೆದುಕೊಂಡಿದ್ದೇನೆ. ಕೆಳಗೆ ಇನ್ನೊಂದು ಸಾಲಿದೆ: ಕೇಳಿದಳು, ಆದರೆ ಇಳಿದಳು.